ಕೂಲಿಂಗ್ ಗ್ಲಾಸ್ ಹಣೆಗೇರಿದರೆ

ಫುಟ್‌ಬಾಲ್ ಆಡುವವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಫುಟ್‌ಬಾಲ್ ಬಗ್ಗೆ ಮಾತಾಡುವ ಗಂಡಸರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಅದರಲ್ಲೂ ಯಾರಾದರೂ ಕಾಫಿ ಹೀರುತ್ತಾ ‘ಫಾರ್ವರ್ಡ್‌ಗೆ ಕಾನ್ಫಿಡೆನ್ಸ್ ಮುಖ್ಯ’ ಅಂತ ಶುರುಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಮೊದಲು ಹೀಗಿರಲಿಲ್ಲ. ಫಾರ್ವರ್ಡ್ ಅಂದರೆ ನನಗೆ ಗೊತ್ತಿದ್ದದ್ದು ಪರಿಚಯದವರು ಕಳಿಸುತ್ತಿದ್ದ ಕೆಟ್ಟ ಜೋಕಿನ ಈ-ಮೇಲು ಅಷ್ಟೇ. ಗೋಲು ಹೊಡೆಯುವವರನ್ನು ಹಾಗೆ ಕರೆಯುತ್ತಾರೆ ಅಂತ ಕಲಿತದ್ದು ನನ್ನ ಮಗಳಿಂದ.

ನಾವು ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ಗೆ ಬಂದು ಸೇರಿದ್ದು ಎರಡು ಸಾವಿರದ ಒಂದರಲ್ಲಿ. ಗಂಡನಿಗೆ ಟೆಲಿಕಾಂ ಕಂಪನಿಯಲ್ಲಿ ಕೆಲಸ, ನನಗೆ ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ. ಈ ದೇಶದಲ್ಲೇ ಹುಟ್ಟಿದ ಮಗಳಿಗೆ ಆಗ ಏಳು ವರ್ಷ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಮನೆ ಹತ್ತಿರದ ಪಾರ್ಕಿನಲ್ಲಿ ಮಕ್ಕಳ ಟೀಮಿಗೆ ಸೇರಿಸಿದೆವು. ಅಲ್ಲಿ ಕೋಚ್ ಅಂದರೆ ಯಾವುದೋ ಮಗುವಿನ ಅಪ್ಪ. ಗೆದ್ದರೂ ಸೋತರೂ ಕೊನೆಗೆ ಕಿತ್ತಳೆ ಹೋಳು. ಇವಳಿಗೆ ಚೆಂಡು ಕಾಲಿಗೆ ಸಿಕ್ಕಿದರೆ ಸಾಕು, ಗೋಲು ಎಲ್ಲಿದೆ ಅಂತ ಒಂದು ಸಲ ತಲೆ ಎತ್ತಿ ನೋಡಿ ಬಾರಿಸಿಬಿಡುತ್ತಿದ್ದಳು. ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಎಲ್ಲೆಲ್ಲೋ. ಒಂದು ಸಲ ಪಕ್ಕದಲ್ಲಿ ಬಾರ್ಬೆಕ್ಯೂ ಮಾಡುತ್ತಿದ್ದವರ ಸಲಾಡ್ ಬಟ್ಟಲಿಗೇ ಹೋಗಿ ಬಿತ್ತು. ಓಡಿಹೋಗಿ ಸಾರಿ ಕೇಳಿ, ಚೆಂಡಿಗೆ ಅಂಟಿದ್ದ ಎಲೆ ಒರೆಸಿಕೊಂಡು ಬಂದಳು. ಮತ್ತೆ ಸಿಕ್ಕಿದಾಗ ಮತ್ತೆ ಬಾರಿಸಿದಳು.

ಹನ್ನೊಂದು ತುಂಬಿದಾಗ ಯಾರೋ ನೋಡಿ, ಈ ಹುಡುಗಿ ದೊಡ್ಡ ಕ್ಲಬ್ಬಿಗೆ ಹೋಗಬೇಕು ಅಂದರು. ಇಲ್ಲಿ ದೊಡ್ಡ ಕ್ಲಬ್ ಅಂದರೆ ತಮಾಷೆಯಲ್ಲ. ಟ್ರೈಔಟ್ ಮಾಡಿ ಆರಿಸುತ್ತಾರೆ, ಊರಿಂದೂರಿಗೆ ಮ್ಯಾಚಿಗೆ ಹೋಗುತ್ತಾರೆ, ಅಪ್ಪ ಅಮ್ಮಂದಿರು ವ್ಯಾನಿನ ಹಿಂದೆ ಕ್ಲಬ್ಬಿನ ಸ್ಟಿಕರ್ ಅಂಟಿಸಿಕೊಂಡು ಎದೆ ಸೆಟೆಸಿ ಓಡಾಡುತ್ತಾರೆ. ನನ್ನ ಗಂಡನೂ ಅಂಟಿಸಿದ. ಸ್ವಲ್ಪ ಸೊಟ್ಟಗಿತ್ತು, ಕಿತ್ತು ಇನ್ನೊಂದು ತಂದು ನೆಟ್ಟಗೆ ಅಂಟಿಸಿದ.

ಈ ಕ್ಲಬ್ಬಿನ ಕೋಚು ಒಬ್ಬ ವಿಚಿತ್ರ ಪ್ರಾಣಿ. ಅವನ ಇಂಗ್ಲಿಷು ಯಾವ ದೇಶದ್ದೋ ಆ ದೇವರಿಗೇ ಗೊತ್ತು. ಇಂಗ್ಲೆಂಡಿನದು ಅಂತ ಎಲ್ಲರೂ ನಂಬಿದ್ದರು. ಆ ಉಚ್ಚಾರಣೆ ಕೇಳಿದ ಕೂಡಲೇ ಅಮೆರಿಕದ ಅಪ್ಪಂದಿರು ಕರಗಿ ನೀರಾಗುತ್ತಿದ್ದರು. ತನ್ನನ್ನು ಕೋಚ್ ಅನ್ನಬಾರದು, ಮ್ಯಾನೇಜರ್ ಅನ್ನಬೇಕು, ಯೂರೋಪಿನ ದೊಡ್ಡ ಕ್ಲಬ್ಬುಗಳಲ್ಲಿ ಹಾಗೇ ಕರೆಯುವುದು ಅಂತ ಮೊದಲ ದಿನವೇ ಹೇಳಿದ. ಹನ್ನೊಂದು ವರ್ಷದ ಹೆಣ್ಣುಮಕ್ಕಳಿಗೆ ಮ್ಯಾನೇಜರ್ ಅಂತೆ! ನಾನು ಮನೆಯಲ್ಲಿ ಅವನನ್ನು ಕೂಲಿಂಗ್ ಗ್ಲಾಸ್ ಅಂತಲೇ ಕರೆಯುತ್ತಿದ್ದೆ.

ಯಾಕೆಂದರೆ ಅವನ ಮ್ಯಾನೇಜರ್‌ಗಿರಿಯೆಲ್ಲ ಇದ್ದದ್ದು ಆ ಕೂಲಿಂಗ್ ಗ್ಲಾಸಿನಲ್ಲಿ. ಅದು ಕಣ್ಣ ಮೇಲಿದ್ದರೆ ಎಲ್ಲ ಸರಿ. ಯಾವ ಹುಡುಗಿಯಾದರೂ ಒಂದು ತಪ್ಪು ಮಾಡಿದಳೋ, ಅದನ್ನು ನಿಧಾನವಾಗಿ ಹಣೆಗೆ ಏರಿಸುತ್ತಿದ್ದ. ಆಮೇಲೆ ಬೆಂಚಿನ ಕಡೆ ತಿರುಗಿ ಇನ್ನೊಬ್ಬಳಿಗೆ ಏಳು ಅಂತ ಗದ್ದ ಆಡಿಸುತ್ತಿದ್ದ. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಅದೇ ದೊಡ್ಡ ಘನಂದಾರಿ ಸಂಸ್ಕಾರ ಅಂತ ಉಳಿದ ತಾಯಂದಿರು ಹೊಗಳುತ್ತಿದ್ದರು. ಮೊದಲ ಮ್ಯಾಚಿನಲ್ಲೇ ನನ್ನ ಮಗಳು ಹಳೆಯ ಅಭ್ಯಾಸದಂತೆ ದೂರದಿಂದ ಬಾರಿಸಿದಳು. ಚೆಂಡು ಗೋಲಿನ ಮೇಲೆ ಹಾರಿಹೋಯಿತು. ಗ್ಲಾಸು ಹಣೆಗೇರಿತು, ಇವಳು ಬೆಂಚಿಗೆ ಬಂದಳು. ಮ್ಯಾಚ್ ಮುಗಿದ ಮೇಲೆ ನನ್ನ ಗಂಡ ಹೋಗಿ ಹಲ್ಲುಗಿಂಜುತ್ತಾ ಕೇಳಿದ್ದಕ್ಕೆ, ಫಾರ್ವರ್ಡ್ ಆದವಳು ಮೊದಲು ಮ್ಯಾನೇಜರ್‌ನ ನಂಬಿಕೆ ಗಳಿಸಬೇಕು ಅಂದನಂತೆ.

“ಅವನ ನಂಬಿಕೆ ಇವಳು ಗಳಿಸ್ಬೇಕಾ? ಇವಳ ನಂಬಿಕೆ ಅವನು ಗಳಿಸೋದು ಬೇಡ್ವಾ?” ಅಂದೆ.

“ನಿನಗೆ ಗೇಮ್ ಅರ್ಥ ಆಗಲ್ಲ ಕಣೇ,” ಅಂದ ಗಂಡ.

ಗೇಮು ಅರ್ಥವಾಗದಿದ್ದರೂ ಮಗಳು ಅರ್ಥವಾಗುತ್ತಿದ್ದಳು. ನಮ್ಮ ಲ್ಯಾಬಿನಲ್ಲಿ ಮಾಡಿದ ಪ್ರಯೋಗಗಳಲ್ಲಿ ಮುಕ್ಕಾಲುಪಾಲು ಕೆಡುತ್ತವೆ. ಕೆಟ್ಟಾಗೆಲ್ಲ ಯಾರಾದರೂ ಹಿಂದೆ ನಿಂತು ಗ್ಲಾಸು ಹಣೆಗೆ ಏರಿಸಿದ್ದರೆ ನಾನು ಪಿಪೆಟ್ ಮುಟ್ಟುವುದನ್ನೇ ಬಿಟ್ಟುಬಿಡುತ್ತಿದ್ದೆ. ಮಗಳು ಮಾಡಿದ್ದೂ ಅದನ್ನೇ. ಒಂದೆರಡು ತಿಂಗಳಲ್ಲಿ, ಚೆಂಡು ಕಾಲಿಗೆ ಬಂದರೆ ಅವಳು ಗೋಲಿನ ಕಡೆ ನೋಡುತ್ತಿರಲಿಲ್ಲ. ಮೈದಾನದ ಗೆರೆಯಾಚೆ ನಿಂತಿದ್ದ ಆ ಗ್ಲಾಸಿನ ಕಡೆ ನೋಡುತ್ತಿದ್ದಳು. ನೋಡಿ, ಚೆಂಡನ್ನು ಪಕ್ಕದವಳಿಗೆ ತಳ್ಳಿಬಿಡುತ್ತಿದ್ದಳು. ಹೊಡೆಯದಿದ್ದರೆ ತಪ್ಪಾಗುವುದಿಲ್ಲವಲ್ಲ! ಇದನ್ನು ಕಂಡು ಗೆರೆಯ ಬಳಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತ ಪಂಡಿತರು ಏನಂದರು ಗೊತ್ತೆ? ‘ಎಷ್ಟು ನಿಸ್ವಾರ್ಥಿ ನಿಮ್ಮ ಮಗಳು!’ ಅಂದರು. ನನ್ನ ಗಂಡ ಥ್ಯಾಂಕ್ಸ್ ಅಂತ ಬೇರೆ ಹೇಳಿದ.

ಅದು ಮೈದಾನದಲ್ಲೇ ಉಳಿದಿದ್ದರೆ ಹಾಳಾಗಿ ಹೋಗಲಿ ಅನ್ನುತ್ತಿದ್ದೆ. ಮನೆಗೂ ಬಂತು. ದೋಸೆ ಬೇಕಾ ಚಪಾತಿ ಬೇಕಾ ಅಂತ ಕೇಳಿದರೆ ಮೊದಲು ಕೂಗಿ ಹೇಳುತ್ತಿದ್ದವಳು ಈಗ ನನ್ನ ಮುಖ ನೋಡುತ್ತಿದ್ದಳು. ನನಗೆ ಯಾವುದು ಇಷ್ಟ ಅಂತ ಹುಡುಕಿ ಅದನ್ನು ಹೇಳುತ್ತಿದ್ದಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಕ್ಲಬ್ ಹೋದರೆ ಹೋಯಿತು, ಈ ಹುಡುಗಿಯ ಮುಖದಲ್ಲಿದ್ದ ಆ ಹಳೇ ಧೈರ್ಯ ಹೋದರೆ ಎಲ್ಲಿಂದ ತರಲಿ? ಬಿಡಿಸೋಣ ಅಂದರೆ ಅವಳೇ ಒಪ್ಪಲಿಲ್ಲ. ಬಿಟ್ಟರೆ ತಾನು ಲಾಯಕ್ಕಿಲ್ಲ ಅಂತ ಅವನು ಅಂದುಕೊಂಡದ್ದು ನಿಜವಾಗುತ್ತದೆ ಅಂತ ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು.

ಇದೆಲ್ಲಕ್ಕೂ ನಮ್ಮ ಮನೆತನದಲ್ಲಿ ಒಬ್ಬರು ತಜ್ಞರಿದ್ದರು. ನನ್ನ ಭಾವ, ಅಂದರೆ ಗಂಡನ ಅಣ್ಣ. ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಮನೆ, ಅಲ್ಲೇ ಒಂದು ಆಫೀಸ್ ಪಾರ್ಕಿನಲ್ಲಿ ಮ್ಯಾನೇಜರ್. ಬೆಂಗಳೂರಿನ ಕಾಲೇಜ್ ಟೀಮಿನಲ್ಲಿ ಆಡಿದ್ದೆ ಅಂತ ರೈಲು ಬಿಡುತ್ತಿದ್ದರು. ಆಡುವವರ ಚಪ್ಪಲಿ, ಬ್ಯಾಗು ಕಾಯುತ್ತಿದ್ದರು ಅಂತ ನನ್ನ ಅತ್ತೆಯೇ ನನಗೆ ಹೇಳಿದ್ದರು. ಯೂರೋಪಿನ ಮ್ಯಾಚು ನೋಡುವುದಕ್ಕೆಂದೇ ಮನೆ ಮೇಲೆ ಡಿಶ್ ಹಾಕಿಸಿದ್ದರು. ಶನಿವಾರ ಬೆಳಗ್ಗೆ ಹೊಟ್ಟೆ ಮೇಲೆ ಬಿಗಿದುಕೊಂಡ ಕ್ಲಬ್ ಜರ್ಸಿ, ತೊಡೆ ಮೇಲೆ ಉಪ್ಪಿಟ್ಟಿನ ತಟ್ಟೆ, ಬಾಯಲ್ಲಿ ಉಪದೇಶ.

ಆ ಚಳಿಗಾಲ ನಾವು ಅವರ ಮನೆಗೆ ಹೋದಾಗ ಟಿವಿಯಲ್ಲಿ ಒಂದು ದೊಡ್ಡ ಕ್ಲಬ್ಬಿನ ಫಾರ್ವರ್ಡ್ ಆಡುತ್ತಿದ್ದ. ಕೋಟಿಗಟ್ಟಲೆ ಸುರಿದು ತಂದವನಂತೆ. ಅವನನ್ನು ಅಲ್ಲಿಯ ಮ್ಯಾನೇಜರ್ ಒಂದು ವಾರ ಆಡಿಸುವುದು, ಎರಡು ವಾರ ಕೂರಿಸುವುದು. ಪಾಪ, ಚೆಂಡು ಸಿಕ್ಕರೆ ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಹಿಂದಕ್ಕೆ ತಳ್ಳುತ್ತಿದ್ದ, ಆಮೇಲೆ ಗೆರೆಯ ಕಡೆ ಕಳ್ಳನೋಟ. ನನ್ನ ಮಗಳದೇ ನೋಟ.

“ನೋಡಮ್ಮ,” ಅಂದರು ಭಾವ, “ಫಾರ್ವರ್ಡ್‌ಗಳಿಗೆ ಕೊಬ್ಬು ಜಾಸ್ತಿ. ಮ್ಯಾನೇಜರ್ ಆದವ್ನು ಒಂದು ಹೆದರಿಕೆ ಇಟ್ಟಿರ್ಬೇಕು. ಆಫೀಸಲ್ಲಿ ನಾನೂ ಅಷ್ಟೇ, ಒಬ್ರಿಗೂ ಬಾಯಿಬಿಟ್ಟು ಗುಡ್ ಅಂತ ಹೇಳಿಲ್ಲ ಇವತ್ತಿನವರೆಗೂ.”

“ಹೌದಾ ಭಾವ? ಮತ್ತೆ ನಿಮ್ಮ ಆಫೀಸಲ್ಲಿ ಎಷ್ಟು ಗೋಲಾಗಿದೆ?” ಅಂದೆ.

ಅಡುಗೆಮನೆಯಿಂದ ನನ್ನ ಓರಗಿತ್ತಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಭಾವ ಟಿವಿ ವಾಲ್ಯೂಮ್ ಜಾಸ್ತಿ ಮಾಡಿದರು.

ಸ್ವಲ್ಪ ದಿನಕ್ಕೆ ಆ ಕ್ಲಬ್ಬು ಮ್ಯಾನೇಜರನ್ನೇ ಓಡಿಸಿತು. ಹೊಸಬ ಬಂದು, ಗೋಲು ಹಾಕು, ಬಿಡು, ನೀನೇ ಆಡುತ್ತೀಯ ಅಂತ ಆ ಫಾರ್ವರ್ಡಿಗೆ ಹೇಳಿದನಂತೆ. ಅದೇ ಕಾಲು, ಅದೇ ಬೂಟು, ಸಾಲುಸಾಲಾಗಿ ಗೋಲು. ಭಾವ ಫೋನ್ ಮಾಡಿ, “ನಾನು ಅವತ್ತೇ ಹೇಳಿರ್ಲಿಲ್ವಾ, ಅವ್ನಿಗೆ ನಂಬಿಕೆ ಕೊಡ್ಬೇಕು ಅಂತ!” ಅಂದರು. ನಾನು ಫೋನನ್ನು ಗಂಡನ ಕೈಗೆ ಕೊಟ್ಟು ಪಾತ್ರೆ ತೊಳೆಯಲು ಹೋದೆ.

ಬೇಸಿಗೆಗೆ ಮುಂಚೆ ಲಾಸ್ ಏಂಜಲೀಸಿನ ಕಡೆ, ಭಾವನ ಮನೆ ಹತ್ತಿರವೇ, ಒಂದು ಟೂರ್ನಮೆಂಟ್ ಬಂತು. ಅದು ಮುಗಿದ ಮೇಲೆ ಇಬ್ಬರನ್ನು ಎರಡನೇ ಟೀಮಿಗೆ ಇಳಿಸುತ್ತೇನೆ ಅಂತ ಕೂಲಿಂಗ್ ಗ್ಲಾಸು ಎಲ್ಲರ ಮುಂದೆ ಹೇಳಿದ್ದ. ಹೆಸರು ಹೇಳಲಿಲ್ಲ. ಹೇಳುವುದೇನು ಬಂತು, ನನ್ನ ಮಗಳು ಆ ಇಡೀ ವಾರ ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದಳು. ಫೋರ್ ನಾಟ್ ಫೈವ್ ಫ್ರೀವೇಯ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಹಿಂದಿನ ಸಂಜೆಯೇ ಭಾವನ ಮನೆ ಸೇರಿದೆವು. ಬೆಳಗ್ಗೆ ಭಾವ ಕುರ್ಚಿ, ಕೊಡೆ, ಐಸ್ ಡಬ್ಬ ಎಲ್ಲ ಹೊತ್ತುಕೊಂಡು ನಮಗಿಂತ ಮುಂಚೆ ತಯಾರು.

ಸುಡುಸುಡು ಬಿಸಿಲು. ಎರಡೂ ಕಡೆ ಗೋಲಿಲ್ಲ. ಮ್ಯಾಚು ಮುಗಿಯುತ್ತಾ ಬಂದಾಗ ಕೂಲಿಂಗ್ ಗ್ಲಾಸು ಇವಳನ್ನು ಮೈದಾನಕ್ಕೆ ಇಳಿಸಿದ. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಒಬ್ಬಳು ಚೆಂಡನ್ನು ಗೋಲಿನ ಮುಂದಕ್ಕೆ ಅಡ್ಡಲಾಗಿ ತಳ್ಳಿದಳು. ಅದು ನೆಟ್ಟಗೆ ನನ್ನ ಮಗಳ ಕಾಲಿಗೆ ಉರುಳಿಕೊಂಡು ಬಂತು. ಮುಂದೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ಅಣ್ಣತಮ್ಮಂದಿರಿಬ್ಬರೂ ಕುರ್ಚಿಯಿಂದ ಎದ್ದು ಒಂದೇ ಗಂಟಲಲ್ಲಿ ಅರಚಿದರು.

“ಬಿಡೇ! ಬಿಡು!”

ಬೆಂಗಳೂರಿನ ಬೀದಿಯಲ್ಲಿ ಆಡಿ ಬೆಳೆದ ಗಂಡಸರಿಗೆ ಬಿಡು ಅಂದರೆ ಬಾರಿಸು ಅಂತ. ಕೆನ್ನೆಗೆ ಒಂದು ಬಿಡ್ತೀನಿ ಅನ್ನುತ್ತಾರಲ್ಲ, ಆ ಬಿಡು. ನನ್ನ ಮಗಳಿಗೆ ಎಲ್ಲಿಂದ ಗೊತ್ತಿರಬೇಕು? ಅವಳು ಬಲ್ಲ ಬಿಡು ನಮ್ಮ ಮನೆಯದು. ಟಿವಿ ಬಿಡು, ಅಳೋದು ಬಿಡು, ಹೋಗ್ಲಿ ಬಿಡು. ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ, ವಿಧೇಯಳಾಗಿ, ಚೆಂಡನ್ನು ಬಿಟ್ಟುಬಿಟ್ಟಳು. ಅದು ಅವಳ ಕಾಲಡಿಯಿಂದ ಹಿಂದಕ್ಕೆ ಹೋಯಿತು. ಗೋಲ್‌ಕೀಪರ್ ಆಗಲೇ ಇವಳ ಕಡೆ ಬಿದ್ದಾಗಿತ್ತು. ಹಿಂದೆ ಓಡಿಬರುತ್ತಿದ್ದ ನಮ್ಮದೇ ಟೀಮಿನ ಕೆಂಪು ಕೂದಲ ಹುಡುಗಿ ಅದನ್ನು ಖಾಲಿ ಗೋಲಿಗೆ ತಳ್ಳಿದಳು.

ಕೂಲಿಂಗ್ ಗ್ಲಾಸು ಎಗರಿದ ಎಗರಿಗೆ ಗ್ಲಾಸೇ ಹುಲ್ಲಿಗೆ ಬಿತ್ತು. ಮ್ಯಾಚು ಮುಗಿದ ಮೇಲೆ ಇವಳ ಎರಡೂ ಭುಜ ಹಿಡಿದುಕೊಂಡು ನಮ್ಮೆಲ್ಲರ ಹತ್ತಿರ ಕರೆತಂದ. ಚೆಂಡನ್ನು ಮುಟ್ಟದೆ ಬಿಟ್ಟು ಎದುರಾಳಿಯನ್ನು ಏಮಾರಿಸುವುದು ದೊಡ್ಡ ದೊಡ್ಡ ಫಾರ್ವರ್ಡ್‌ಗಳ ವಿದ್ಯೆ, ತಾನು ಇದನ್ನು ಯಾರಿಗೂ ಕಲಿಸಿಲ್ಲ, ಇದಕ್ಕೆ ಎಂಥ ಗುಂಡಿಗೆ ಬೇಕು ಗೊತ್ತಾ ಅಂತ ಭಾಷಣ ಮಾಡಿದ. ಇವಳಲ್ಲಿ ಏನೋ ಇದೆ ಅಂತ ತನಗೆ ಮೊದಲಿಂದಲೂ ಅನ್ನಿಸಿತ್ತಂತೆ. ಎಲಾ ಇವನ! ಭಾವ ಮುಂದೆ ಬಂದು, ನಾನು ಇವಳ ದೊಡ್ಡಪ್ಪ ಅಂತ ಅವನ ಕೈ ಕುಲುಕಿದರು.

ವಾಪಸ್ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳ ಸಣ್ಣ ದನಿ ಬಂತು.

“ಅಪ್ಪ, ಯಾಕೆ ಬಿಡು ಅಂದೆ? ಐ ವಾಸ್ ಗೋಯಿಂಗ್ ಟು ಶೂಟ್.”

“ಶೂಟ್ ಮಾಡು ಅಂತಾನೇ ಹೇಳಿದ್ದು ಕಣಮ್ಮ!”

“ನೋ. ಬಿಡು ಮೀನ್ಸ್ ಲೀವ್ ಇಟ್. ಅಮ್ಮ ಡೈಲಿ ಹೇಳ್ತಾಳೆ.”

ನಾನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನಗು ಅಲ್ಲೇ ಸತ್ತಿತು. ಎಷ್ಟೋ ತಿಂಗಳ ಮೇಲೆ ಅವತ್ತು ಅವಳು ಹೊಡೆಯುವವಳೇ ಇದ್ದಳು. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಕಾಲು ಎತ್ತಿದ್ದಳು. ಇವರಿಬ್ಬರ ಅರಚಾಟದಿಂದ ಅದು ನಿಂತಿತು. ಆ ಮೂರ್ಖ ಮೆಚ್ಚಿದ್ದು ಅವಳು ಕಾಲೆತ್ತಿದ್ದನ್ನಲ್ಲ, ನಿಲ್ಲಿಸಿದ್ದನ್ನು. ಅವನಿಗೆ ಹೇಳಬೇಡಿ ಅಂತ ಮಗಳು ಇಬ್ಬರಿಂದಲೂ ಆಣೆ ಹಾಕಿಸಿಕೊಂಡಳು.

ಅಲ್ಲಿಂದ ಮುಂದೆ ನಡೆದದ್ದು ನನ್ನ ಹೊಟ್ಟೆಯನ್ನು ಇನ್ನೂ ಉರಿಸಿತು. ಅದು ಕೆಲಸ ಮಾಡಿತು! ಆ ಸುಳ್ಳು ನಂಬಿಕೆ, ಆ ತಪ್ಪು ತಿಳಿವಳಿಕೆಯ ಮೇಲೆ ನಿಂತ ನಂಬಿಕೆ, ಕೆಲಸ ಮಾಡಿತು. ಇವಳು ಎರಡನೇ ಟೀಮಿಗೆ ಇಳಿಯಲಿಲ್ಲ. ಪ್ರತಿ ಮ್ಯಾಚಿನಲ್ಲೂ ಮೊದಲಿಂದ ಕೊನೆಯವರೆಗೂ ಆಡಿದಳು. ಹೊಡೆದ ಚೆಂಡು ಮೇಲೆ ಹಾರಿಹೋದರೆ ಮುಂಚೆ ಗ್ಲಾಸು ಹಣೆಗೇರುತ್ತಿತ್ತು, ಈಗ ಅದೇ ಮನುಷ್ಯ ಚಪ್ಪಾಳೆ ತಟ್ಟಿ ‘ಅನ್‌ಲಕಿ’ ಅನ್ನುತ್ತಿದ್ದ. ಅದೇ ಹೊಡೆತ, ಅದೇ ತಪ್ಪು! ಮುಂದಿನದು ಒಳಗೆ ಹೋಗುತ್ತಿತ್ತು. ಅದರ ಮುಂದಿನದೂ ಹೋಗುತ್ತಿತ್ತು. ಮನೆಯಲ್ಲಿ ಮತ್ತೆ ಕೂಗು ಶುರುವಾಯಿತು. “ದೋಸೆ! ತೆಳ್ಳಗೆ!” ನಾನು ಹುಯ್ದು ಹಾಕಿದೆ, ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಂತೋಷಕ್ಕೆ ಅಂಥವನ ಹಂಗು ಇತ್ತಲ್ಲ, ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ‘ನಾನು ಅವಳನ್ನು ನಂಬಿದೆ, ಅಷ್ಟೇ’ ಅಂತ ಅವನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದ.

ಇನ್ನೊಂದು ವಿಷಯ ನನಗೆ ಮಾತ್ರ ಕಾಣುತ್ತಿತ್ತು. ಪ್ರತಿ ಹೊಡೆತದ ಮೇಲೂ ಅವಳು ಈಗಲೂ ಗ್ಲಾಸಿನ ಕಡೆ ನೋಡುತ್ತಿದ್ದಳು. ಮುಂಚೆ ಹೆದರಿ ನೋಡುತ್ತಿದ್ದಳು, ಈಗ ನಗುತ್ತಾ ನೋಡುತ್ತಿದ್ದಳು. ನೋಡುವುದು ನಿಂತಿರಲಿಲ್ಲ.

ಬೇಸಿಗೆ ಕಳೆದು ಹೊಸ ಸೀಸನ್ನಿಗೆ ಇನ್ನೊಬ್ಬ ಫಾರ್ವರ್ಡ್ ಹುಡುಗಿ ಬಂದಳು. ಚುರುಕು ಮಗು. ಮೊದಲ ಮ್ಯಾಚಿನಲ್ಲೇ ಒಂದು ಹೊಡೆತ ತಪ್ಪಿತು, ಗ್ಲಾಸು ಹಣೆಗೇರಿತು. ಎರಡು ವಾರದಲ್ಲಿ ಆ ಹುಡುಗಿಯ ಕತ್ತೂ ಗೆರೆಯ ಕಡೆ ತಿರುಗತೊಡಗಿತು. ಒಂದು ಸಂಜೆ ಪ್ರಾಕ್ಟೀಸು ಮುಗಿದಾಗ ಕೂಲಿಂಗ್ ಗ್ಲಾಸು ಎಲ್ಲ ಮಕ್ಕಳನ್ನೂ ಸುತ್ತ ಕೂರಿಸಿಕೊಂಡ. ನಾವು ಕರೆದುಕೊಂಡು ಹೋಗಲು ಬಂದವರು ಹಿಂದೆ ನಿಂತಿದ್ದೆವು. ನನ್ನ ಮಗಳನ್ನು ಎಬ್ಬಿಸಿ, ಆವತ್ತು ಚೆಂಡು ಬಿಡಬೇಕು ಅಂತ ಹೇಗೆ ನಿರ್ಧಾರ ಮಾಡಿದೆ, ಈ ಹೊಸ ಹುಡುಗಿಗೆ ಹೇಳು, ಫಾರ್ವರ್ಡ್ ಅಂದರೆ ಏನು ಅಂತ ಅವಳಿಗೂ ಗೊತ್ತಾಗಲಿ ಅಂದ.

ಹೊಸ ಹುಡುಗಿ ತಲೆ ತಗ್ಗಿಸಿ ಹುಲ್ಲು ಕೀಳುತ್ತಿದ್ದಳು. ನನ್ನ ಮಗಳು ಅವಳನ್ನೇ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ, ನಾನೇನೂ ನಿರ್ಧಾರ ಮಾಡಿರಲಿಲ್ಲ ಅಂದಳು. ಅಪ್ಪ ಹೊಡಿ ಅಂತ ಕೂಗಿದ್ದು ತನಗೆ ಬಿಟ್ಟುಬಿಡು ಅಂತ ಕೇಳಿಸಿತು, ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು, ಅದು ಬರೀ ತಪ್ಪು ಅಂದಳು. ನನ್ನ ಗಂಡ ಬೂಟಿನ ತುದಿ ನೋಡತೊಡಗಿದ. ಇನ್ನು ಇವಳ ಕಥೆ ಮುಗಿಯಿತು, ನಾಳೆಯಿಂದ ಮತ್ತೆ ಬೆಂಚು ಅಂದುಕೊಂಡೆ.

ಅವನು ಗಹಗಹಿಸಿ ನಕ್ಕ. ಇವಳ ತಲೆ ಸವರಿದ. ನೋಡಿ, ನಿಜವಾದ ಫಾರ್ವರ್ಡ್‌ಗಳಲ್ಲಿ ಎಂಥ ವಿನಯ ಇರುತ್ತದೆ ಅಂದ. ಹಿಂದೆ ನಿಂತಿದ್ದ ಅಪ್ಪ ಅಮ್ಮಂದಿರು ಚಪ್ಪಾಳೆ ತಟ್ಟಿದರು. ನಿಜ ಹೇಳಿದ್ದನ್ನೂ ಆ ಗೂಬೆ ನಂಬಲಿಲ್ಲ.

ಮಗಳನ್ನು ಕರೆದುಕೊಂಡು ಕಾರಿನಲ್ಲಿ ಮನೆಗೆ ಹೊರಟೆವು. ಸಿಗ್ನಲ್ಲಿನಲ್ಲಿ ನಿಂತಾಗ, ಮಾತುಮಾತಿಗೂ ಇಂಗ್ಲಿಷ್ ಬೆರೆಸುವವಳು, ನಿಧಾನವಾಗಿ ಪೂರ್ತಿ ಕನ್ನಡದಲ್ಲಿ ಕೇಳಿದಳು.

“ಅಮ್ಮ, ಅಂದ್ರೆ ಅವಾಗ್ಲೂ ಅವ್ನಿಗೆ ಗೊತ್ತಿರ್ಲಿಲ್ವಾ?”

“ಯಾವಾಗ?”

“ನಾನು ಚೆನ್ನಾಗಿಲ್ಲ ಅಂತ ಕೂರಿಸ್ದಾಗ.”

“ಇಲ್ಲಮ್ಮ. ಅವಾಗ್ಲೂ ಗೊತ್ತಿರ್ಲಿಲ್ಲ,” ಅಂದೆ.

ಅವಳು ಅತ್ತಳು. ಬೆಂಚಿನ ಮೇಲೆ ಕೂತ ಅಷ್ಟೂ ತಿಂಗಳು ಒಂದು ಹನಿ ಹಾಕದವಳು ಮನೆ ಬರುವವರೆಗೂ ಬಿಕ್ಕಿಬಿಕ್ಕಿ ಅತ್ತಳು. ಅಳೋದು ಬಿಡು ಅಂತ ನಾನು ಹೇಳಲಿಲ್ಲ.

ಆ ಭಾನುವಾರ ಪೆನಾಸ್ಕಿಟೋಸ್‌ನಲ್ಲೇ ಮ್ಯಾಚು. ಚೆಂಡು ಕಾಲಿಗೆ ಸಿಕ್ಕಿತು, ಗೋಲು ಎಲ್ಲೋ ದೂರದಲ್ಲಿತ್ತು. ಒಂದು ಸಲ ತಲೆ ಎತ್ತಿ ನೋಡಿ ಬಾರಿಸಿದಳು. ಚೆಂಡು ಗೋಲಿನ ಮೇಲೆ, ಬೇಲಿಯ ಮೇಲೆ, ಪಾರ್ಕಿಂಗ್ ಲಾಟಿಗೆ ಹೋಗಿ ಬಿತ್ತು. ಮತ್ತೆ ಸಿಕ್ಕಿತು, ಮತ್ತೆ ಬಾರಿಸಿದಳು, ಅದೂ ಹೊರಗೆ. ಮೂರನೆಯದನ್ನು ಹೊಸ ಹುಡುಗಿಗೆ ಕೊಟ್ಟು, ಹೊಡಿ ಹೊಡಿ ಅಂತ ಇಂಗ್ಲಿಷಿನಲ್ಲಿ ಕೂಗಿದಳು. ಆ ಹುಡುಗಿ ಹೊಡೆದದ್ದೂ ಹೊರಗೆ. ಇಬ್ಬರೂ ನಗುತ್ತಾ ಹಿಂದಕ್ಕೆ ಓಡಿದರು. ಆಚೆ ಗೆರೆಯಲ್ಲಿ ಗ್ಲಾಸು ಯಾವಾಗಲೋ ಹಣೆಗೇರಿತ್ತು. ನಾನು ನೋಡಿದೆ, ಅವಳು ನೋಡಿರಲಿಲ್ಲ. ಅವನು ಹೆಸರು ಹಿಡಿದು ಎರಡು ಸಲ ಕೂಗಿದ ಮೇಲೆ ತಿರುಗಿದಳು.

ಹೋಗಿ ಬೆಂಚಿನ ಮೇಲೆ ಕೂತಳು. ಬಾಟಲಿ ಎತ್ತಿ ಗಟಗಟ ನೀರು ಕುಡಿದಳು. ಪಕ್ಕದಲ್ಲಿ ನಿಂತು ಅವನು ಏನೋ ಹೇಳುತ್ತಿದ್ದ, ಕೈ ಆಡಿಸುತ್ತಿದ್ದ. ಇವಳು ಬಾಯಿ ಒರೆಸಿಕೊಂಡು ಎದ್ದು ನಿಂತು, ಎರಡೂ ಕೈ ಬಾಯಿಗೆ ಅಡ್ಡ ಇಟ್ಟು, ಇಡೀ ಮೈದಾನ ದಾಟಿ ನನಗೆ ಕೇಳುವ ಹಾಗೆ ಕೂಗಿದಳು.

“ಅಮ್ಮಾ! ಇವತ್ತು ದೋಸೆ ಮಾಡು! ತೆಳ್ಳಗೆ!”